ಬಂದ ಹೊತ್ತು ಕೇಳುತ್ತಿದ್ದವಳು

ಆಕೆಯ ಹೆಸರು ನಾನು ಬರೆಯುವುದಿಲ್ಲ. ಮರೆತಿಲ್ಲ, ಗೊತ್ತಿದೆ. ಆಕೆಯ ಕೆಲಸದಲ್ಲಿ ಹೆಸರು ಬರೆಯುವಂತಿರಲಿಲ್ಲ. ಆಸ್ಪತ್ರೆಯ ಹಳೆಯ ಕೇಸ್ ಪೇಪರುಗಳನ್ನು ತೆಗೆದು, ಅದರಲ್ಲಿ ಇದ್ದದ್ದನ್ನು ಒಂದು ಟ್ಯಾಬಿಗೆ ತುಂಬುವುದು ಆಕೆಯ ಕೆಲಸ. ಹೆಸರಿದ್ದ ಕಡೆ ಒಂದು ನಂಬರು ಹಾಕಬೇಕು. ಹೆಸರು ಕಾಗದದಲ್ಲೇ ಉಳಿಯಬೇಕು, ಹೊರಗೆ ಬರಬಾರದು ಎಂದು ಆಕೆಗೆ ಕಲಿಸಿದ್ದರು. ಆಕೆ ಸತ್ತಳೆಂದು ಆ ನಿಯಮ ಮುರಿಯಲು ನನಗೆ ಮನಸ್ಸಿಲ್ಲ. ಆಕೆಗಾಗಿ ನಾನು ಮಾಡಬಹುದಾದದ್ದು ಬೇರೆ ಏನೂ ಉಳಿದಿಲ್ಲ.

ನಾನು ಕುಕನೂರಿನಲ್ಲಿ ಜೋಳದ ಖಡಕ್ ರೊಟ್ಟಿ ಬಡಿದು ಮಾರುವವಳು. ಖಾನಾವಳಿಗೆ, ಮದುವೆ ಮನೆಗೆ, ಹಾಸ್ಟೆಲ್ಲಿಗೆ ಕೊಡುತ್ತೇನೆ. ಅಕ್ಷರ ಕಲಿತದ್ದು ದೊಡ್ಡವರ ಸಾಲೆಯಲ್ಲಿ, ಮಕ್ಕಳು ಹುಟ್ಟಿದ ಮೇಲೆ; ಬರೆಯುವ ಕೈ ಇನ್ನೂ ನಿಧಾನ. ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡುವುದು ಗಂಡ ಇದ್ದಾಗಿನಿಂದ ನಡೆದು ಬಂದಿದೆ. ಆಕೆ ಬಂದಾಗ ನಲವತ್ತು ದಾಟಿತ್ತು. ಒಂದು ಸೂಟ್‌ಕೇಸು, ಒಂದು ಗ್ಯಾಸಿನ ಒಲೆ, ಎಡಗೈಗೆ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ.

"ಯಾರ‍್ಯಾರು ಇರತೀರಿ?" ಎಂದೆ.

"ನಾ ಒಬ್ಬಾಕೀನ ರೀ ಅವ್ವಾರ."

"ಗಂಡ?"

"ಅದಾನ್ರಿ. ನನ್ನ ಕೂಡ ಇರೂದಿಲ್ಲ."

ಬಾಡಿಗೆ ಕೊಡುವುದಕ್ಕೆ ಅಷ್ಟು ಸಾಕು ಎಂದು ನಾನು ಮುಂದೆ ಕೇಳಲಿಲ್ಲ. ಆಕೆ ಕೇಳಿದ್ದು ಒಂದೇ. "ಇಲ್ಲಿ ನೆಟ್ವರ್ಕ್ ಎಲ್ಲಿ ಸಿಗತೈತ್ರಿ?"

"ಬಂದಾವ್ರೆಲ್ಲಾ ನಳ ಎಲ್ಲಿ ಐತಿ ಅಂತ ಕೇಳ್ತಾರ. ನೀ ಇದನ್ನ ಕೇಳ್ತಿ ನೋಡು," ಎಂದೆ.

ಫೋನು ಹಿಡಿದು ಮನೆಯೆಲ್ಲ ತಿರುಗಿದಳು. ಕೋಣೆಯಲ್ಲಿ ಸಿಗಲಿಲ್ಲ, ಅಂಗಳದಲ್ಲಿ ಸಿಗಲಿಲ್ಲ. ಸಿಕ್ಕದ್ದು ನನ್ನ ಒಲೆಯ ಪಕ್ಕದ ಕಟ್ಟೆಯ ಮೇಲೆ. ಹೊಗೆ ಬರುವ ಜಾಗ. ಅಲ್ಲೇ ಒಂದು ಗೋಣಿಚೀಲ ಹಾಸಿಕೊಂಡಳು. ಹಾಗಾಗಿ ಆಕೆ ಕಲಿತದ್ದನ್ನೆಲ್ಲ ನಾನೂ ಕೇಳಿಸಿಕೊಂಡೆ, ಬೇಕೆಂದಲ್ಲ.

ಕೆಲಸ ಶುರುವಾಗುವ ಮೊದಲು ತರಬೇತಿ. ತರಬೇತಿ ಎಂದರೆ ದೊಡ್ಡ ಊರಿಗೆ ಕರೆಸುತ್ತಾರೆ, ಊಟ ಹಾಕುತ್ತಾರೆ, ಒಂದು ಬ್ಯಾಗು ಕೊಡುತ್ತಾರೆ ಎಂದು ನಾನು ತಿಳಿದಿದ್ದೆ. ಅಂಗನವಾಡಿಯವರು ಹಾಗೆ ಹೋಗಿ ಬರುವುದನ್ನು ನೋಡಿದ್ದೇನೆ. ಈಕೆಯದು ಎಲ್ಲಾ ಫೋನಿನಲ್ಲಿ. ಚೌಕ ಚೌಕದಲ್ಲಿ ಮುಖಗಳು. ಮೇಲಿನ ಚೌಕದಲ್ಲಿ ಒಬ್ಬ ಸರ್, ಬೆಂಗಳೂರಿನ ಕಡೆಯ ಮಾತು. ಒಳ್ಳೆಯ ಮನುಷ್ಯನೇ. ಯಾರನ್ನೂ ಬೈದದ್ದು ನಾನು ಕೇಳಲಿಲ್ಲ.

ಮೊದಲ ದಿನವೇ ಅವನ ಪಾಠ ನಿಂತಿತು.

"ಯಾರದೋ ಮನೇಲಿ ಬಾಗಿಲು ಬಡೀತಿದ್ದಾರೆ. ಹೋಗಿ ನೋಡಿ ಮೇಡಂ."

"ಬಾಗಲಾ ಅಲ್ರಿ ಸರ್. ರೊಟ್ಟಿ ಬಡಿಯಾಕ ಹತ್ಯಾರ‍್ರಿ," ಎಂದಳು ಈಕೆ. ಚೌಕಗಳೆಲ್ಲ ನಕ್ಕವು. ನನ್ನ ಕಡೆ ತಿರುಗಿ, "ಅವ್ವಾರ, ಒಂದೀಟು ನಿಲ್ಲಸ್ರಿ," ಎಂದಳು.

"ನಿಲ್ಲಿಸಿದ್ರ ಖಾನಾವಳ್ಯಾಗ ಮಂದಿ ಏನ ತಿನಬೇಕು, ನಿನ್ನ ಪಾಠಾನ?"

ಅದನ್ನೂ ಚೌಕಗಳೆಲ್ಲ ಕೇಳಿದವು. ಮರುದಿನದಿಂದ ತನ್ನ ದನಿ ಮುಚ್ಚಿಡುವುದನ್ನು ಕಲಿತಳು. ತರಬೇತಿಯಲ್ಲಿ ಆಕೆ ಬೇಗ ಕಲಿತದ್ದು ಅದೊಂದೇ.

ಎರಡನೆಯ ದಿನವೋ ಮೂರನೆಯ ದಿನವೋ ಸರ್ ಕೆಲಸದ ಗುಟ್ಟು ಹೇಳಿದ. ಹೆರಿಗೆಗೆ ಬಂದ ಹೆಣ್ಣುಮಕ್ಕಳ ಹಳೆಯ ಕಾಗದಗಳನ್ನು ನೋಡಬೇಕು. ಆಸ್ಪತ್ರೆಯ ಬಾಗಿಲಿಗೆ ಎಷ್ಟು ಹೊತ್ತಿಗೆ ಬಂದರು, ಒಳಗಿನವರು ಎಷ್ಟು ಹೊತ್ತಿಗೆ ನೋಡಿದರು, ನಡುವೆ ಎಷ್ಟು ಹೊತ್ತು ಹೋಯಿತು. ಇದನ್ನು ತಿಳಿಯಲಿಕ್ಕೆ ಸಂಶೋಧನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ತಾಲೂಕಿನ ಕಾಗದ ಬೇಕು.

ನನ್ನ ಕೈಯಲ್ಲಿ ಹಿಟ್ಟು ಹಾಗೇ ನಿಂತಿತು. ನನ್ನ ಸಣ್ಣ ಮಗಳು ಚೊಚ್ಚಲ ಹೆರಿಗೆಗೆ ಬಂದು ಆಸ್ಪತ್ರೆಯಲ್ಲಿ ಸತ್ತಳು. ಕೂಸೂ ಉಳಿಯಲಿಲ್ಲ. ಯಾವ ಊರಿನ ಆಸ್ಪತ್ರೆ ಎಂದು ಹೇಳುವುದಿಲ್ಲ. ಅಲ್ಲಿ ಒಳ್ಳೆಯವರೂ ಇದ್ದರು, ನಾಳೆ ನಾನೂ ಹೋಗಬೇಕಾದೀತು. ಆದರೆ ಬಾಗಿಲಲ್ಲಿ ಕಾದದ್ದನ್ನು ನಾನು ಮರೆತಿಲ್ಲ. ಕಾದ ಹೊತ್ತು ಎಷ್ಟು ಎಂದು ಆಗಲೂ ಯಾರೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಅಳಿಯ ಬೇರೆ ಮದುವೆಯಾದ. ಅದು ಅವನ ಬದುಕು.

ಪಾಠ ಮುಗಿದ ಮೇಲೆ ಆಕೆಗೆ ಹೇಳಿದೆ. "ನನ್ನ ಮಗಳೂ ಹಂಗ ಹೋದಳು, ತಂಗಿ. ಅಕೀ ಕಾಗದಾನೂ ಅಲ್ಲೆ ಇರತೈತಿ."

ಆಕೆಗೆ ಒಂದು ಚಾಳಿ ಇತ್ತು. ಯಾರು ಏನೇ ಹೇಳಲಿ, ಬಲಗೈಯ ಎರಡು ಬೆರಳಿಂದ ಎಡಗೈಯ ಗಡಿಯಾರವನ್ನು ಟಕಟಕ ಬಡಿದು, "ಎಷ್ಟೊತ್ತಿಗ್ರಿ?" ಎಂದು ಕೇಳುತ್ತಿದ್ದಳು. ತರಬೇತಿಯಿಂದ ಬಂದದ್ದೋ, ಮೊದಲಿಂದ ಇದ್ದದ್ದೋ ತಿಳಿಯದು. ಒಮ್ಮೆ ಎದುರು ಮನೆಯ ಶಾಂತವ್ವ ಸೊಸೆಯ ಮೇಲೆ ದೂರು ಹೇಳಿಕೊಂಡು ಅಳುತ್ತಾ ಬಂದಿದ್ದಳು. ಸೊಸೆ ಹೀಗೆ ಅಂದಳು, ಹಾಗೆ ಅಂದಳು ಎಂದು. ಈಕೆ ಗಡಿಯಾರ ಬಡಿದು, "ಎಷ್ಟೊತ್ತಿಗೆ ಅಂದ್ಲ್ರಿ ಅಕ್ಕಾರ?" ಎಂದಳು. ಶಾಂತವ್ವನ ಅಳು ನಿಂತುಹೋಯಿತು. "ಟೈಮ್ ತಗೊಂಡು ಏನ ಮಾಡ್ತಿಯವ್ವಾ, ಬಸ್ಸ ಬಿಡಾಕಿ ಏನು?" ಎಂದು ಸೆರಗು ಕೊಡವಿ ಎದ್ದು ಹೋದಳು. ಓಣಿಯಲ್ಲಿ ಆಕೆಗೆ ಕಂಟ್ರೋಲರ್ ಮೇಡಂ ಎಂದೇ ಹೆಸರು ಬಿತ್ತು, ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಇರುತ್ತಾರಲ್ಲ, ಹಾಗೆ.

ನಾನು ಮಗಳ ಮಾತು ಹೇಳಿದಾಗಲೂ ಆಕೆಯ ಬೆರಳು ಗಡಿಯಾರದವರೆಗೆ ಹೋದವು. ಬಡಿಯಲಿಲ್ಲ. ಎಲ್ಲದಕ್ಕೂ ಹೊತ್ತು ಕೇಳುವವಳು ಅದಕ್ಕೆ ಮಾತ್ರ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ತರಬೇತಿಯ ಕೊನೆಗೆ ಪರೀಕ್ಷೆ. ಅದೂ ಫೋನಿನಲ್ಲೇ. ಹೆಸರಿಗೆ ಮಸಿ ಬಳಿದ ಕೇಸ್ ಪೇಪರಿನ ಚಿತ್ರ ಬರುತ್ತದೆ, ಅದನ್ನು ನೋಡಿ ತುಂಬಬೇಕು. ಒಂದೇ ಕಾಗದವನ್ನು ಇಬ್ಬರು ಬೇರೆ ಬೇರೆ ಕುಳಿತು ತುಂಬುತ್ತಾರೆ, ಒಬ್ಬರಿಗೊಬ್ಬರು ಕೇಳುವಂತಿಲ್ಲ. ಇಬ್ಬರದೂ ಹೊಂದಿದರೆ ಸರಿ. ಹೊಂದದಿದ್ದರೆ ಕೆಂಪು ಗುರುತು ಬರುತ್ತದೆ. ಈಕೆಯ ಜೋಡಿ ಗಂಗಾವತಿಯ ಒಬ್ಬ ಹುಡುಗಿ. ಈಕೆಯದು ಬರೀ ಕೆಂಪು.

ಯಾಕೆಂದರೆ ಈಕೆ ಕಾಗದವನ್ನು ನಮ್ಮ ಹೆಂಗಸರಂತೆ ಓದುತ್ತಿದ್ದಳು. ಒಂದು ಕಾಗದದಲ್ಲಿ ಚೊಚ್ಚಲ ಬಸುರಿ, ಊರು ಕುಕನೂರು ಎಂದು ಇತ್ತಂತೆ. ಈಕೆ ಆ ಹುಡುಗಿ ಕುಕನೂರಿನವಳಲ್ಲ, ಹೆರಿಗೆಗೆ ತವರಿಗೆ ಬಂದಿದ್ದಾಳೆ ಎಂದು ತಾನೇ ತಿಳಿದು, ಮಸಿ ತಪ್ಪಿ ಉಳಿದಿದ್ದ ಗಂಡನ ಅಡ್ಡಹೆಸರು ಊರಿನದು ಎಂದು ನೋಡಿ ಮಂಗಳೂರು ಎಂದು ತುಂಬಿದಳು. ನಮ್ಮ ಯಲಬುರ್ಗಾದ ಹತ್ತಿರದ ಮಂಗಳೂರು. ಸರ್ ಗಾಬರಿಯಾದ. "ಸಮುದ್ರದ ದಂಡೆಯಿಂದ ಇಷ್ಟು ದೂರ ಹೆರಿಗೆಗೆ ಬಂದಳಾ ಮೇಡಂ?"

"ಇಲ್ರಿ ಸರ್, ಇಲ್ಲೇ ಐತ್ರಿ, ಬಸ್ಸಿಗೆ ಹತ್ತಿದ್ರ ಇಳಿಯೂದ."

"ಎಲ್ಲಿದೆಯೋ ಇರಲಿ. ಕಾಗದದಲ್ಲಿ ಇದೆಯಾ?"

"ಇಲ್ರಿ."

"ಹಾಗಾದ್ರೆ ನೀವು ಯಾಕೆ ಬರೆದ್ರಿ?"

ಮೊದಲ ಹೆರಿಗೆಗೆ ಹೆಣ್ಣು ತವರಿಗೆ ಬಂದಿರುತ್ತಾಳೆ ಎಂಬುದು ಇಲ್ಲಿ ಕೂಸಿಗೂ ಗೊತ್ತು. ಫೋನಿಗೆ ಅದು ಗೊತ್ತಿರಬಾರದು. ಈಕೆಗೆ ಅದು ತಲೆಗೆ ಹೋಗಲಿಲ್ಲ. ಬಂದ ಹೊತ್ತಿನ ಕಾಲಂ ಬಂದರಂತೂ ಮುಗಿಯಿತು. ಕಾಗದದಲ್ಲಿ ಆ ಜಾಗ ಹೆಚ್ಚಾಗಿ ಖಾಲಿ ಇರುತ್ತಿತ್ತಂತೆ. ಈಕೆ ಬಿಪಿ ನೋಡಿದ್ದು ಯಾವಾಗ, ಸೂಜಿ ಮಾಡಿದ್ದು ಯಾವಾಗ ಎಂದು ಹುಡುಕಿ, ಹಾಗಾದರೆ ಇಷ್ಟು ಹೊತ್ತಿಗೆ ಬಂದಿರಬೇಕು ಎಂದು ಅಂದಾಜು ಕಟ್ಟಿ ತುಂಬುತ್ತಿದ್ದಳು. ತಪ್ಪು. ಅಲ್ಲಿ ಒತ್ತಬೇಕಾದದ್ದು 'ಬರೆದಿಲ್ಲ' ಎಂಬ ಗುಂಡಿ.

"ಬರದಿಲ್ಲ ಅಂತ ಒತ್ತಿದ್ರ ಮಾರ್ಕ್ಸ್ ಕೊಡ್ತಾರ‍್ರಿ ಅವ್ವಾರ," ಎಂದಳು, ರೊಟ್ಟಿ ಮುರಿಯುತ್ತಾ.

"ಹಂಗಾದ್ರ ನಾನ ಪರೀಕ್ಷಾಕ್ಕ ಕುಂದ್ರತೀನಿ ತಗೋ. ನನ್ನಷ್ಟು ಬರೀಲಾರದಾಕಿ ಯಾರದಾರ?"

ನಕ್ಕಳು. ನಗುವಾಗಲೂ ಬಾಯಿಯಲ್ಲಿ ತುತ್ತು ಇಟ್ಟುಕೊಂಡೇ ನಗುವವಳು. ಆಮೇಲೆ ನಗು ಹೋಯಿತು. "ಈ ಸಲ ಪಾಸ್ ಆಗಲಿಲ್ಲಂದ್ರ ಕೆಲಸ ಇಲ್ರಿ. ಅಣ್ಣನ ಮನಿಗೆ ಹೋಗಬೇಕು. ಅಲ್ಲಿ ನಾ ಹೋಗೂದಿಲ್ಲ," ಎಂದಳು.

ಪಾಸಾದಳು. ಹೇಗೆ ಎಂದು ನಾನು ಪಕ್ಕದಲ್ಲೇ ಕುಳಿತು ನೋಡಿದೆ. ಏನೂ ಯೋಚಿಸಬಾರದೆಂದು ತುಟಿ ಕಚ್ಚಿಕೊಂಡು, ಖಾಲಿ ಕಂಡ ಕಡೆಯೆಲ್ಲ ಬರೆದಿಲ್ಲ, ಬರೆದಿಲ್ಲ, ಬರೆದಿಲ್ಲ ಎಂದು ಒತ್ತುತ್ತಾ ಹೋದಳು. ಮುಗಿದ ಮೇಲೆ ಫೋನಿನಲ್ಲಿ ಬಣ್ಣದ ಕಾಗದ ಹಾರಿದವು. ಸರ್ಟಿಫಿಕೇಟು ಬಂತು. ಯಲಬುರ್ಗಾದಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು, ಗೋಡೆಗೆ ಹಚ್ಚಲಿಲ್ಲ, ಖಾರದ ಪುಡಿ ಡಬ್ಬಿಯ ಕೆಳಗೆ ಹಾಸಿದಳು. "ಹಲಗಿ ಹೊಲಸಾಗಬಾರದಲ್ರಿ," ಎಂದಳು.

ಆಮೇಲೆ ಊರೂರು ತಿರುಗುವ ಕೆಲಸ, ಅಲ್ಲೂ ಅದೇ ಜೋಡಿ, ಅದೇ ಕೆಂಪು ಗುರುತು. ಒಂದು ದಿನ ಕೊಪ್ಪಳ, ಒಂದು ದಿನ ಕುಷ್ಟಗಿ. ಗಂಗಾವತಿಗೆ ಹೋದ ದಿನ ಶ್ರೀರಾಮನಗರದ ನುಚ್ಚಕ್ಕಿ ತರುತ್ತಿದ್ದಳು, ಆ ಕಡೆಯ ಬಸ್ಸಿನಲ್ಲಿ ಹೆಂಗಸರು ತೆಲುಗಿನಲ್ಲಿ ಮಾತಾಡಿಸಿದರೆ ಹೂಂ ಹೂಂ ಎನ್ನುತ್ತಾ ಬಂದೆ ಎನ್ನುತ್ತಿದ್ದಳು. ಕಾಗದ ಇಟ್ಟ ಕೋಣೆಗಳಲ್ಲಿ ಕಿಟಕಿ ಇರುವುದಿಲ್ಲವಂತೆ. ಸಂಜೆ ಬರುವಾಗ ಹುಬ್ಬಿನ ಮೇಲೂ ಧೂಳು. ಮೊದಲು ಕೈ ತೊಳೆದು, ಗಡಿಯಾರ ಒರೆಸಿ, ಆಮೇಲೆ ಮುಖ ತೊಳೆಯುವಳು.

ಓಣಿಯವರು ಬಿಡುತ್ತಾರೆಯೇ. ಶಾಂತವ್ವನೇ ಒಮ್ಮೆ ಬಂದು ಪಕ್ಕ ಕುಳಿತು, "ನಮ್ಮ ಬೀಗರ ಮಗಳ ಕಾಗದ ಸಿಕ್ಕಿರಬೇಕಲ್ಲ ನಿನಗ. ಅಕೀಗೆ ಖರೇನ ಏನಾಗಿತ್ತು?" ಎಂದು ದನಿ ತಗ್ಗಿಸಿದಳು.

"ನನಗ ಹೆಸರ ಕಾಣೂದಿಲ್ರಿ ಅಕ್ಕಾರ. ಬರೇ ನಂಬರ ಕಾಣತೈತಿ."

ಅದು ಸುಳ್ಳು. ಹೆಸರು ಆಕೆಗೆ ಕಾಣುತ್ತಿತ್ತು. ಆಕೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ. ನಾಲ್ಕು ತಾಲೂಕಿನ ಹೆಂಗಸರ ಗುಟ್ಟು ಅವಳ ಹೊಟ್ಟೆಯಲ್ಲಿತ್ತು. ಒಂದೂ ಹೊರಗೆ ಬರಲಿಲ್ಲ.

ಒಂದು ಸಂಜೆ ಬಂದವಳು ಕೈ ತೊಳೆಯಲಿಲ್ಲ. ಕಟ್ಟೆಯ ಮೇಲೆ ಕುಳಿತಳು. ನಾನು ಹೆಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದೆ. ಗಡಿಯಾರ ಬಡಿಯದೆ ಕೇಳಿದಳು.

"ಅವ್ವಾರ, ಅವತ್ತ ನೀವು ಎಷ್ಟೊತ್ತಿಗೆ ಮುಟ್ಟಿದ್ರಿ?"

ಅವತ್ತು ಎಂದರೆ ಯಾವತ್ತು ಎಂದು ನಾನು ಕೇಳಬೇಕಾಗಲಿಲ್ಲ. ಮಗಳ ಕಾಗದ ಆಕೆಯ ಕೈಗೆ ಬಂದಿತ್ತು. ಬಂದ ಹೊತ್ತು ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಆಕೆ ಕೇಳುತ್ತಿರಲಿಲ್ಲ.

"ಬರದಿಲ್ಲೇನು?" ಎಂದೆ.

"ನಾ ಏನೂ ಹೇಳಿಲ್ರಿ."

"ನೀ ಹೇಳಬ್ಯಾಡ. ನಾ ಹೇಳತೀನಿ, ಬರಕೋ. ಸಾಲಿ ಬಿಡೂ ಹೊತ್ತಿಗೆ ಮುಟ್ಟಿದ್ವಿ. ಹುಡುಗೂರು ಪಾಟಿಚೀಲ ಹಾಕ್ಕೊಂಡು ಗೇಟಿನ ಮುಂದ ಹಾಯ್ದು ಹೊಂಟಿದ್ದವು. ಒಳಗ ಕರದಾಗ ದೀಪ ಹಚ್ಚಿ ಭಾಳ ಹೊತ್ತಾಗಿತ್ತು. ಬರಕೋ."

"ಬರಿಯಾಕ ಬರೂದಿಲ್ರಿ ಅವ್ವಾರ."

"ಯಾಕ ಬರೂದಿಲ್ಲ? ಬರೀಲಾರದಾಕಿ ನಾನು. ನೀನು ಕಲತಾಕಿ."

"ಕಾಗದದಾಗ ಇದ್ದಷ್ಟ ಬರೀಬೇಕ್ರಿ."

"ಕಾಗದ ಅವರ ಕೈಯಾಗ ಇತ್ತು. ಹೊಟ್ಟಿ ನೋಯೂದು ನನ್ನ ಮಗಳ ಹೊಟ್ಟಿಯಾಗ ಇತ್ತು. ಯಾವುದು ಖರೆ?"

ಟ್ಯಾಬು ಆಕೆಯ ತೊಡೆಯ ಮೇಲಿತ್ತು. ಫೋನು ತೆಗೆದು, ನನ್ನ ಮುಂದೆಯೇ, ನನಗೆ ಕೇಳುವ ಹಾಗೆ ಜೋರು ಇಟ್ಟು, ಪಾಠದ ಸರ್‌ಗೆ ಮಾಡಿದಳು. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. "ಸರ್, ಒಂದು ಕಾಗದದಾಗ ಬಂದ ಟೈಮ್ ಇಲ್ಲ. ಕೂಡ ಬಂದಾವ್ರು ಅದಾರ, ಅವರಿಗೆ ಗೊತ್ತೈತಿ. ಕೇಳಿ ಹಾಕಬಹುದೇನ್ರಿ?"

ಸರ್ ನಿಧಾನವಾಗಿ ಹೇಳಿದ. "ಒಬ್ಬರನ್ನ ಕೇಳಿ ಹಾಕಿದ್ರೆ ಎಲ್ಲರನ್ನೂ ಕೇಳಬೇಕಾಗುತ್ತೆ ಮೇಡಂ. ಮಿಕ್ಕವರನ್ನ ಎಲ್ಲಿ ಹುಡುಕೋದು? ಒಬ್ಬೊಬ್ಬರ ನೆನಪು ಒಂದೊಂದು ಥರ ಇರುತ್ತೆ. ಇಲ್ಲದ್ದು ಇಲ್ಲ ಅಂತಾನೇ ಹೋಗಲಿ. ಎಷ್ಟು ಕಡೆ ಬರೆದೇ ಇಲ್ಲ ಅನ್ನೋದೂ ಗೊತ್ತಾಗಬೇಕಲ್ವಾ?"

ಅವನು ಹೇಳಿದ್ದು ತಪ್ಪು ಎಂದು ನನಗೆ ಈಗಲೂ ಅನಿಸುವುದಿಲ್ಲ. ತಪ್ಪಿದ್ದರೆ ಬೈಯಬಹುದಿತ್ತು. ಸರಿ ಇದ್ದವನ ಮುಂದೆ ಏನು ಮಾಡುವುದು?

ಆಕೆ ಫೋನು ಇಟ್ಟಳು. ಟ್ಯಾಬಿನಲ್ಲಿ ಬೆರಳು ಒತ್ತಿದಳು. ನನಗೆ ತೋರಿಸಲಿಲ್ಲ, ನಾನೂ ಇಣುಕಲಿಲ್ಲ. ಯಾವ ಗುಂಡಿ ಎಂದು ನನಗೆ ಗೊತ್ತಿತ್ತು. ಗಂಗಾವತಿಯ ಹುಡುಗಿಯೂ ಅದನ್ನೇ ಒತ್ತಿರಬೇಕು. ಕೆಂಪು ಗುರುತು ಬಂದಿರಲಿಕ್ಕಿಲ್ಲ.

ಅಂದಿನಿಂದ ನಾನು ಆಕೆಯನ್ನು ಮಾತಾಡಿಸಲಿಲ್ಲ. ಮಾಡಿದ್ದು ತಪ್ಪು ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಮಾತಾಡಿಸಬೇಕೆಂದು ಅನಿಸಲಿಲ್ಲ, ಮಾತಾಡಿಸಲಿಲ್ಲ. ಆಕೆ ತನ್ನ ಪಾಡಿಗೆ ಬಂದು ಕಟ್ಟೆಯ ಮೇಲೆ ಕುಳಿತು ಟ್ಯಾಬು ನೋಡುತ್ತಿದ್ದಳು. ನಾನು ನನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದೆ. ಬೇಕೆಂದೇ ಜೋರಾಗಿ ಬಡಿದ ದಿನಗಳೂ ಇದ್ದವು.

ಮಾತು ಮತ್ತೆ ಶುರುವಾದದ್ದು ರೊಟ್ಟಿಯಿಂದ. ಎಸರಿನ ಬಿಸಿನೀರು ಚೆಲ್ಲಿ ನನ್ನ ಬಲಗೈ ಬೊಬ್ಬೆ ಎದ್ದಿತ್ತು. ಖಾನಾವಳಿಗೆ ರೊಟ್ಟಿ ಹೋಗಲೇಬೇಕು. ಆಕೆ ಏನೂ ಕೇಳದೆ ಕೆಲಸಕ್ಕೆ ರಜೆ ಹಾಕಿ, ಗಡಿಯಾರ ಬಿಚ್ಚಿ ಗೂಡಿನಲ್ಲಿಟ್ಟು, ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕುಳಿತಳು. ಜನ್ಮದಲ್ಲಿ ರೊಟ್ಟಿ ಬಡಿದವಳಲ್ಲ ಎಂದು ಮೊದಲನೆಯದಕ್ಕೇ ತಿಳಿಯಿತು. ಒಂದು ಕಡೆ ಚಪ್ಪಲಿಯಷ್ಟು ದಪ್ಪ, ಇನ್ನೊಂದು ಕಡೆ ಕಿತ್ತು ತೂತು. ಒಂದೂ ದುಂಡಗಿರಲಿಲ್ಲ. ಮಧ್ಯಾಹ್ನ ಖಾನಾವಳಿಯವನು ತಾನೇ ಬಂದ. ಕೈಯಲ್ಲಿ ಒಂದು ರೊಟ್ಟಿ ಹಿಡಿದು, ಬಾಗಿಲಲ್ಲಿ ನಿಂತು ಕೇಳಿದ. "ಇವತ್ತ ಇದನ್ನ ಯಾರು ಬಡದಾರಬೇ?"

"ಬರದಿಲ್ಲಪಾ," ಎಂದೆ.

ಒಳಗಿನಿಂದ ಆಕೆ ನಕ್ಕದ್ದು ಕೇಳಿಸಿತು. ಬಾಯಲ್ಲಿ ಚಹಾ ಇತ್ತೆಂದು ಕಾಣುತ್ತದೆ, ಕೆಮ್ಮಿದಳು. ನಾನೂ ನಕ್ಕೆ. ಖಾನಾವಳಿಯವನಿಗೆ ಏನೂ ತಿಳಿಯಲಿಲ್ಲ. ರೊಟ್ಟಿ ಅಲ್ಲೇ ಕಟ್ಟೆಯ ಮೇಲಿಟ್ಟು ಹೋದ. ಅದನ್ನು ಇಬ್ಬರೂ ಮುರಿದು ತಿಂದೆವು. ಮಗಳ ಮಾತು ಮತ್ತೆ ಇಬ್ಬರೂ ಎತ್ತಲಿಲ್ಲ. ಎತ್ತಿ ಮಾಡುವುದೇನಿತ್ತು?

ಇನ್ನು ಉಳಿದದ್ದು ಕೊನೆಯ ಮಾತು.

ಅದು ಬೆಳಗಿನ ಚಹಾದ ಹೊತ್ತು. ಆಕೆಗೆ ಕುಷ್ಟಗಿಗೆ ಹೋಗುವುದಿತ್ತು. ಕಟ್ಟೆಯ ಮೇಲೆ ಕುಳಿತು ಕಪ್ಪು ಎತ್ತಿದಳು, ಕಪ್ಪು ಕೈಯಿಂದ ಜಾರಿತು. "ಏನಾತ ತಂಗಿ?" ಎಂದೆ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಮಾತು ಬರಲಿಲ್ಲ, ಗೊಗ್ಗರು ದನಿ ಬಂತು. ಎಡಗೈ ಬಟ್ಟೆಯ ಹಾಗೆ ಬಿದ್ದಿತ್ತು. ಲಕ್ವಾ ಎಂದು ನೋಡಿದ ಕೂಡಲೇ ತಿಳಿಯಿತು. ನನ್ನ ಗಂಡನಿಗೂ ಹಾಗೇ ಹೊಡೆದಿತ್ತು.

ಶಾಂತವ್ವ ಓಡಿ ಹೋಗಿ ಆಟೋ ಕರೆತಂದಳು. ಒಲೆಯ ಮೇಲಿನ ಹೆಂಚು ಹಾಗೇ ಬಿಟ್ಟು ಹೋದೆವು. ಎಲ್ಲಿಯೂ ನಿಲ್ಲಲಿಲ್ಲ. ಚಹಾದಂಗಡಿಗಳಲ್ಲಿ ಇನ್ನೂ ಮಂದಿ ಕಪ್ಪು ಹಿಡಿದು ನಿಂತಿದ್ದರು, ಅಷ್ಟರಲ್ಲಿ ನಾವು ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಯಾವ ಆಸ್ಪತ್ರೆ, ಮಗಳು ಹೋದದ್ದೇ ಏನು ಎಂದು ಕೇಳಬೇಡಿ. ಬಾಗಿಲು ಎಲ್ಲಾ ಕಡೆ ಒಂದೇ ನಮೂನೆ.

ಅಂದು ಅಲ್ಲಿ ಯಾರದೂ ತಪ್ಪಿರಲಿಲ್ಲ. ಹತ್ತಿ ಬಿಡಿಸಲು ಹೊರಟ ಆಳುಗಳ ಟೆಂಪೋ ಉರುಳಿತ್ತು. ವರಾಂಡದ ತುಂಬ ರಕ್ತ, ಅಳು, ಓಡಾಟ. ಇದ್ದ ಒಬ್ಬ ಡಾಕ್ಟರು, ಇದ್ದ ಇಬ್ಬರು ಸಿಸ್ಟರು ಅವರ ಕಡೆ. ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಆಕೆಯ ತಲೆ ನನ್ನ ಹೆಗಲ ಮೇಲಿತ್ತು. ನೋಡಿದವರಿಗೆ ರಕ್ತ ಇಲ್ಲ, ಗಾಯ ಇಲ್ಲ, ನಿದ್ದೆ ಹೋದ ಹೆಂಗಸಿನ ಹಾಗೆ ಕಾಣುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಟಕಟಕ ಎಂದು ಸದ್ದಾಯಿತು. ಕೆಳಗೆ ನೋಡಿದೆ. ಬಲಗೈಯ ಎರಡು ಬೆರಳು ಸತ್ತ ಎಡಗೈಯ ಗಡಿಯಾರವನ್ನು ಬಡಿಯುತ್ತಿದ್ದವು. ಕಣ್ಣು ನನ್ನ ಮೇಲಿತ್ತು.

ನನಗೆ ತಿಳಿಯಿತು. ಆಕೆಯನ್ನು ಶಾಂತವ್ವನ ಮೈಗೆ ಆನಿಸಿ, ಎದ್ದು ಕೌಂಟರಿಗೆ ಹೋದೆ.

"ಟೈಮ್ ಬರಕೋ," ಎಂದೆ.

"ಏನ ಟೈಮ್?" ಕೌಂಟರಿನವನು ತಲೆ ಎತ್ತಲಿಲ್ಲ.

"ನಾವು ಬಂದ ಟೈಮ್. ಮೊದಲ ಅದನ್ನ ಬರಿ, ಆಮ್ಯಾಲ ಹೆಸರು."

"ಡಾಕ್ಟರು ನೋಡಿದ ಮ್ಯಾಲ ಕೇಸ್ ಪೇಪರ್ ಆಗತೈತಜ್ಜಿ. ಹೋಗಿ ಕುಂದ್ರು. ಅಕಿ ಏನಾಗಬೇಕು ನಿನಗ?"

"ಬಾಡಿಗಿ ಅದಾಳ ನಮ್ಮನ್ಯಾಗ."

"ಹಂಗಾದ್ರ ಅಕೀ ಮಂದೀನ ಕರಸು."

ನಾನು ಕೂರಲಿಲ್ಲ. ಅಲ್ಲೇ ನಿಂತೆ. ನಿಂತರೆ ಏನಾಗುತ್ತದೆ? ಬೆಂಚಿನಿಂದ ಟಕಟಕ ಕೇಳುತ್ತಿತ್ತು. ಆ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿರಲಿಕ್ಕಿಲ್ಲ. ನಾನು ಒಮ್ಮೆ ಸಿಸ್ಟರಿನ ಕೈ ಹಿಡಿದೆ, ಕೈ ತುಂಬ ರಕ್ತ, "ಬಂದ್ನಿ ಯವ್ವಾ, ಒಂದು ನಿಮಿಷ," ಎಂದು ಕೊಸರಿಕೊಂಡು ಓಡಿದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆ ಕಡೆ ಒಂದು ಹುಡುಗಿಯ ಕಾಲು ಜೋತಾಡುತ್ತಿತ್ತು.

ಬಿಸಿಲು ವರಾಂಡದಿಂದ ಪೂರ್ತಿ ಸರಿದ ಮೇಲೆ ನಮ್ಮ ಸರದಿ ಬಂತು. ಅದೇ ಸಿಸ್ಟರು ಹೊಸ ಕಾಗದ ತೆಗೆದಳು. ಹೆಸರು ಬರೆದಳು, ವಯಸ್ಸು ಬರೆದಳು. ಬಂದ ಹೊತ್ತಿನ ಕಡೆ ಬಂದಾಗ ತಲೆ ಎತ್ತಿ ಗೋಡೆಯ ಗಡಿಯಾರ ನೋಡಿ, ಆಗ ಅದು ತೋರಿಸುತ್ತಿದ್ದದ್ದನ್ನು ಬರೆದಳು.

"ಅದಲ್ಲ ಯವ್ವಾ," ಎಂದೆ. "ನಾವು ಬಂದದ್ದು ಚಾದ ಹೊತ್ತಿಗೆ."

"ಕಾಗದ ಈಗ ಮಾಡಾಕ ಹತ್ತೀನಲ್ಲಜ್ಜಿ. ಈಗಿಂದ ಬರೀಬೇಕು."

"ಅಕೀಗೆ ಕೇಳು. ಅಕಿ ಅದ ಕೆಲಸ ಮಾಡಾಕಿ."

ಸಿಸ್ಟರು ಆಕೆಯ ಕಡೆ ನೋಡಿದಳು. ಆಕೆ ಸ್ಟ್ರೆಚರಿನ ಮೇಲಿನಿಂದ ಆ ಕಾಗದವನ್ನೇ ನೋಡುತ್ತಿದ್ದಳು. ಓದಲು ಬರುವವಳು, ಬರೆದದ್ದನ್ನು ಓದಿರಬೇಕು. ಗಡಿಯಾರ ಬಡಿಯುತ್ತಿದ್ದ ಬೆರಳು ನಿಂತವು. ಆಮೇಲೆ ಬಡಿಯಲಿಲ್ಲ.

ಡಾಕ್ಟರು ಬಂದ. ಬೆವರಿನಲ್ಲಿ ತೊಯ್ದಿದ್ದ. ಕಣ್ಣಿಗೆ ಬೆಳಕು ಬಿಟ್ಟು ನೋಡಿದ, ಕಾಲು ಗೀರಿ ನೋಡಿದ, ಯಾವಾಗ ಹೊಡೆಯಿತು ಎಂದು ಕೇಳಿದ. ಬೆಳಿಗ್ಗೆ ಎಂದೆ. ಕಾಗದದಲ್ಲಿ ಬಂದ ಹೊತ್ತು ನೋಡಿದ. ನನ್ನ ಕಡೆ ತಿರುಗಿದ.

"ಮುಂಜಾನೆ ಹೊಡದದ್ದನ್ನ ಇಷ್ಟೊತ್ತನಕ ಮನ್ಯಾಗ ಯಾಕ ಇಟ್ಕೊಂಡು ಕುಂತಿದ್ರಿ? ಲಗೂನ ತಂದಿದ್ರ ಸೂಜಿ ಮಾಡಬಹುದಿತ್ತು. ಈಗ ಹುಬ್ಬಳ್ಳಿಗೆ ಒಯ್ರಿ."

ನಾನು ಬಾಯಿ ತೆರೆದೆ. ಶಾಂತವ್ವನೂ ಏನೋ ಅಂದಳು. ಅವನು ಆಗಲೇ ಮುಂದಿನ ಮಂಚದ ಹತ್ತಿರ ಇದ್ದ. ಕಾಗದದಲ್ಲಿ ಇದ್ದದ್ದನ್ನು ನೋಡಿ ಹೇಳಿದ್ದ, ಅಷ್ಟೇ.

ಅಣ್ಣ ಬಂದು ಹುಬ್ಬಳ್ಳಿಗೆ ಒಯ್ದ. ಕೆಲವು ದಿನ ಇದ್ದಳಂತೆ. ಹೋಗಲಾರೆ ಎಂದಿದ್ದ ಅಣ್ಣನ ಮನೆಗೇ ಕೊನೆಗೆ ಹೋದಳು, ಹೆಣವಾಗಿ. ಮಣ್ಣಿಗೆ ನಾನು ಹೋಗಲಿಲ್ಲ, ಸುದ್ದಿ ಬಂದದ್ದೇ ಎಲ್ಲಾ ಮುಗಿದ ಮೇಲೆ. ಮೊನ್ನೆ ಅಣ್ಣ ಬಂದು ಕೋಣೆ ಖಾಲಿ ಮಾಡಿದ. ಸೂಟ್‌ಕೇಸು, ಗ್ಯಾಸಿನ ಒಲೆ ಒಯ್ದ. ಖಾರದ ಪುಡಿಯ ಡಬ್ಬಿ ಎತ್ತಿದಾಗ ಕೆಳಗೆ ಸರ್ಟಿಫಿಕೇಟು ಸಿಕ್ಕಿತು. ಡಬ್ಬಿಯ ದುಂಡನೆಯ ಕೆಂಪು ಗುರುತು ಅದರ ಮೇಲೆ ಕೂತಿತ್ತು.

"ಇದು ಏನರ ಕೆಲಸಕ್ಕ ಬರತೈತೇನಬೇ?" ಎಂದು ಕೇಳಿದ.

"ಇಲ್ಲಪಾ," ಎಂದೆ. ಅಲ್ಲೇ ಬಿಟ್ಟು ಹೋದ.

ಮುಂದೆ ಯಾವಾಗಲೋ ಇಂಥದೇ ಕೆಲಸಕ್ಕೆ ಯಾರೋ ಬರುತ್ತಾರೆ. ಎಲ್ಲೋ ಒಂದು ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಪಾಠ ಕೇಳಿ, ಪರೀಕ್ಷೆ ಪಾಸಾಗಿ, ಕಿಟಕಿ ಇಲ್ಲದ ಕೋಣೆಯಲ್ಲಿ ಆಕೆಯ ಕಾಗದ ತೆಗೆಯುತ್ತಾರೆ. ಹೆಸರಿನ ಕಡೆ ನಂಬರು ಹಾಕುತ್ತಾರೆ. ಬಂದ ಹೊತ್ತಿನ ಕಾಲಂ ಖಾಲಿ ಇರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ತುಂಬುತ್ತಾರೆ. ಇನ್ನೊಂದು ಊರಿನಲ್ಲಿ ಕುಳಿತವರೂ ಅದನ್ನೇ ತುಂಬುತ್ತಾರೆ. ಇಬ್ಬರದೂ ಹೊಂದುತ್ತದೆ.

ಆಕೆ ಬಂದದ್ದು ಬೆಳಗಿನ ಚಹಾದ ಹೊತ್ತಿಗೆ. ನನ್ನ ಮಗಳು ಬಂದದ್ದು ಸಾಲೆ ಬಿಡುವ ಹೊತ್ತಿಗೆ. ಎರಡನ್ನೂ ಇಲ್ಲಿ ಬರೆದಿದ್ದೇನೆ.